ಮನಸ್ಸು ಕುಗ್ಗಿದಾಗ ಎದುರು ಮನೆಗೊಂದು ಡಬ್ಬಿ ಸಾರು: ನಿಮಗೂ ಹೀಗೆ ಆಗುತ್ತದಾ?

ಸಾಗರದ_ಸೊಸೆ:
ಬೆಂಗಳೂರಲ್ಲಿ ಈ ವಾರ ಸರಿಯಾಗಿ ಬಿಸಿಲೇ ಬಿದ್ದಿಲ್ಲ. ಬಟ್ಟೆ ಒಣಗುತ್ತಿಲ್ಲ, ಯಜಮಾನರು ಟೂರ್ ಮೇಲಿದ್ದಾರೆ, ನನಗೆ ಮನೆಯಿಂದಲೇ ಕೆಲಸ, ಇಡೀ ದಿನ ಮಾತಾಡಲು ಸಿಗುವುದು ಲ್ಯಾಪ್‌ಟಾಪ್‌ನಲ್ಲಿ ಕಾಣುವ ಮುಖಗಳು ಮಾತ್ರ. ಜ್ವರ ಇಲ್ಲ, ನೆಗಡಿ ಇಲ್ಲ, ಆದರೆ ಎದ್ದು ತಲೆ ಬಾಚಿಕೊಳ್ಳುವುದಕ್ಕೂ ಮನಸ್ಸಿಲ್ಲ. ಸುಮ್ನೆ ಬೇಸರ.

ಎದುರು ಮನೆ ಆಂಟಿಗೆ ಚಿಕುನ್‌ಗುನ್ಯ ಆಗಿ ಬೆರಳು ಮಡಚಲು ಆಗುತ್ತಿಲ್ಲ, ಹೋಟೆಲ್ ಊಟ ತರಿಸುತ್ತಿದ್ದಾರೆ ಅಂತ ಕೆಲಸಕ್ಕೆ ಬರುವವರು ಹೇಳಿದರು. ನನಗೊಬ್ಬಳಿಗೇ ಆಗಿದ್ದರೆ ಬ್ರೆಡ್ ತಿಂದು ಮಲಗಿಬಿಡುತ್ತಿದ್ದೆ. ಅವರಿಗೆ ಅಂತ ಎದ್ದು ಮೆಣಸಿನ ಸಾರು, ಮೆತ್ತಗೆ ಅನ್ನ ಮಾಡಿದೆ. ತುಪ್ಪದಲ್ಲಿ ಮೆಣಸು ಚಟಪಟ ಅನ್ನುವಾಗಲೇ ಅರ್ಧ ಬೇಸರ ಇಳಿದಿತ್ತು. ಡಬ್ಬಿ ಕೊಟ್ಟು ಬಂದ ಮೇಲೆ ಸಂಜೆವರೆಗೂ ಚೆನ್ನಾಗಿದ್ದೆ, ಉಳಿದ ಸಾರಲ್ಲಿ ನಾನೂ ಬಿಸಿಯಾಗಿ ಊಟ ಮಾಡಿದೆ.

ಇದು ನನಗೆ ಮಾತ್ರ ಹೀಗಾ? ನಮ್ಮ ಬೇಸರ ಕಳೆಯಲು ಇನ್ನೊಬ್ಬರಿಗೆ ಮಾಡಿಕೊಡುವುದು ಸ್ವಾರ್ಥ ಅನ್ನಿಸುವುದಿಲ್ಲವಾ? ಅನುಭವ ಇರುವವರು ಹೇಳಿ.

ಹುಬ್ಬಳ್ಳಿ_ಅಕ್ಕ:
ಸ್ವಾರ್ಥ ಅಂದ್ರ ಸ್ವಾರ್ಥ, ಏನೀಗ? ಆಂಟಿಗೆ ಹೊಟ್ಟೆ ತುಂಬಿತಲ್ಲ, ಅಷ್ಟೇ ಲೆಕ್ಕ.

ನಮ್ಮ ಕಡೆ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ಕಟ್ಟಿನಲ್ಲಿ ಸಾರು ಮಾಡೇ ಮಾಡುತ್ತೇವೆ. ಹುರಿದ ಒಣಕೊಬ್ಬರಿ, ಚಕ್ಕೆ, ಲವಂಗ, ಹುಣಸೆಹುಳಿ, ಒಂದು ತುಂಡು ಬೆಲ್ಲ, ಸ್ವಲ್ಪ ಹೂರಣವನ್ನೂ ಅದಕ್ಕೇ ಕಲಸುವುದು. ಅದು ಒಂದು ಮನೆಗೆ ಆಗುವಷ್ಟು ಆಗುವುದೇ ಇಲ್ಲ, ಯಾವಾಗಲೂ ಜಾಸ್ತಿನೇ. ಹಾಗಾಗಿ ಓಣಿಯಲ್ಲಿ ನಾಲ್ಕು ಮನೆಗೆ ಹೋಗುತ್ತದೆ. ಎರಡನೇ ದಿನ ಅದರ ರುಚಿ ಇನ್ನೂ ಮೇಲೆ.

ಇನ್ನೊಂದು ವಿಷಯ. ಕೊಟ್ಟ ಪಾತ್ರೆ ಖಾಲಿ ವಾಪಸ್ ಬರುವುದಿಲ್ಲ ನೋಡಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿಯಾದರೂ ಕೊಡುತ್ತಾರೆ. ನಮ್ಮ ಅತ್ತೆ ಅದಕ್ಕೇ ಹೇಳುತ್ತಿದ್ದರು, ‘ಡಬ್ಬಿ ಕೊಟ್ಟು ಬಿಡು, ಅದು ತಾನಾಗಿ ಮಾತು ತರ್ತದ’. ನಿಮ್ಮ ಆಂಟಿ ಡಬ್ಬಿ ವಾಪಸ್ ಕೊಡಲು ಬಂದಾಗ ಒಳಗೆ ಕರೆದು ಕೂರಿಸಿ. ನಿಮಗೆ ಬೇಕಾಗಿರುವುದು ಅದೇ.

ಬೇಡಪ್ಪ_ಸಾಕು:
ಎಲ್ಲರೂ ಸಿಹಿ ಸಿಹಿ ಬರೆಯುವ ಮೊದಲು ನಾನೊಂದು ಕಹಿ ಹೇಳುತ್ತೇನೆ. ನಮ್ಮಮ್ಮ ನಲವತ್ತು ವರ್ಷ ಊರಿಗೆಲ್ಲ ಸಾರು ಮಾಡಿ ಹಂಚಿದಳು. ಬಾಣಂತಿಗೆ ಸಾರು, ಜ್ವರದವರಿಗೆ ಗಂಜಿ, ಸತ್ತ ಮನೆಗೆ ಬುತ್ತಿ. ಅವಳಿಗೇ ಮಂಡಿ ಆಪರೇಷನ್ ಆದಾಗ ಬಂದವರೆಲ್ಲ ಹಾರ್ಲಿಕ್ಸ್ ಡಬ್ಬ, ಬಾಳೆಹಣ್ಣು ಹಿಡಿದು ಬಂದರು, ಬಂದವರಿಗೆ ಕಾಫಿ ಮಾಡಿಕೊಟ್ಟಿದ್ದು ಮತ್ತೆ ನಮ್ಮ ಮನೆಯ ಹೆಂಗಸರೇ. ‘ಒಳ್ಳೆಯತನ’ ಅಂತ ಹೊಗಳುವುದು ಸುಲಭ. ಅದನ್ನು ಯಾವಾಗಲೂ ಹೆಂಗಸರೇ, ಒಲೆ ಮುಂದೆ ನಿಂತೇ ಯಾಕೆ ತೋರಿಸಬೇಕು?

ಸಾಗರದ_ಸೊಸೆ:
@ಬೇಡಪ್ಪ_ಸಾಕು ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಯಾರೋ ‘ಮಾಡು’ ಅಂದಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಯಾರೂ ಕೇಳಿರಲಿಲ್ಲ, ಅದಕ್ಕೇ ಹಗುರ ಅನ್ನಿಸಿರಬೇಕು.

ಮಂಡ್ಯ_ಮುದ್ದೆ:
ಬೇಡಪ್ಪ ಅಣ್ಣ, ಕಾಫಿ ವಿಷಯಕ್ಕೆ ನನ್ನ ಓಟು ನಿಮಗೆ. ಆದರೆ ಸಾರು ಹೆಂಗಸರದ್ದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಕೆಮ್ಮು ನೆಗಡಿ ಬಂದರೂ ನಾಟಿಕೋಳಿ ಸಾರು ಮಾಡುವವನು ನಾನು. ಕೋಳಿ ಸುಡುವುದರಿಂದ ಹಿಡಿದು ಮಸಾಲೆ ರುಬ್ಬುವವರೆಗೆ. ಹೆಂಡತಿಗೆ ಒಳಗೆ ಬರಲು ಬಿಡುವುದಿಲ್ಲ, ಬಂದರೆ ಬರೀ ಉಪ್ಪು ಜಾಸ್ತಿ ಆಯ್ತು ಅನ್ನುತ್ತಾಳೆ.

ಏಡಿ ಸಾರು ತಿಂದವರು ಯಾರಾದರೂ ಇದ್ದೀರಾ ಇಲ್ಲಿ? ಗದ್ದೆ ಏಡಿ ಕುಟ್ಟಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಜಾಸ್ತಿ ಹಾಕಿ ಮಾಡುವುದು. ಕಟ್ಟಿದ ಮೂಗು ಒಂದು ಬಟ್ಟಲಿಗೇ ಬಿಡುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರು, ಹೆಂಡತಿ ಹೋದ ಮೇಲೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಮಾತಾಡಿಸಲು ಹೋದರೆ ‘ಎಲ್ಲಾ ಚೆನ್ನಾಗಿದೆ ಕಣಯ್ಯ’ ಅಂತ ಬಾಗಿಲಲ್ಲೇ ಕಳಿಸುತ್ತಿದ್ದರು. ಏಡಿ ಸಾರಿನ ವಾಸನೆಗೆ ಬಾಗಿಲು ತೆಗೆದರು. ‘ಇದಕ್ಕೆ ಹುರುಳಿ ಹುರಿದು ಹಾಕಬೇಕಿತ್ತು’ ಅಂತ ಕೊಂಕು ತೆಗೆದು ಪೂರ್ತಿ ಕುಡಿದರು. ಮುಂದಿನ ಸಲ ಹುರುಳಿ ಹಾಕಿದೆ. ಆಗ ಮೆಣಸು ಕಡಿಮೆ ಅಂದರು. ಮೇಷ್ಟ್ರಲ್ವಾ, ಪೂರ್ತಿ ಮಾರ್ಕ್ಸ್ ಕೊಡುವ ಜಾತಿಯಲ್ಲ.

ಅರೆ_ಓದುಗ:
ಸಾಗರದ ಸೊಸೆಯವರೇ, ಇದು ನಿಮಗೆ ಮಾತ್ರ ಅಲ್ಲ. ಇದರ ಮೇಲೆ ಒಳ್ಳೊಳ್ಳೆ ಸಂಶೋಧನೆ ಆಗಿದೆ. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ಮನಃಶಾಸ್ತ್ರಜ್ಞರು, ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವನ್ಸ್, ಖಿನ್ನತೆ ಅಥವಾ ಆತಂಕದ ಲಕ್ಷಣ ಇದ್ದ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಗೆಳೆಯರ ಜೊತೆ ಸೇರುವ ಕಾರ್ಯಕ್ರಮ ಹಾಕಿಕೊಳ್ಳಬೇಕು. ಇನ್ನೊಂದು ಗುಂಪು ತಲೆಯಲ್ಲಿ ಬರುವ ಕೆಟ್ಟ ಯೋಚನೆಗಳನ್ನು ಬರೆದು, ಬೇರೆ ರೀತಿ ನೋಡಲು ಕಲಿಯಬೇಕು. ಮೂರನೇ ಗುಂಪು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರು ಸಣ್ಣ ಉಪಕಾರ ಮಾಡಬೇಕು. ಐದು ವಾರ ಹೀಗೆ. ಮೂರೂ ಗುಂಪಿನವರು ಸುಧಾರಿಸಿದರು. ಆದರೆ ಜನರ ಜೊತೆ ತಾನೂ ಸೇರಿದ್ದೇನೆ ಅನ್ನುವ ಭಾವನೆ ಜಾಸ್ತಿ ಬಂದಿದ್ದು ಉಪಕಾರ ಮಾಡಿದ ಗುಂಪಿಗೆ. ಕಾರಣ ಏನು ಅಂದರೆ, ಬೇರೆಯವರಿಗೆ ಏನು ಬೇಕು ಅಂತ ನೋಡುವಾಗ ‘ನಾನು ಹೇಗೆ ಕಾಣುತ್ತಿದ್ದೇನೆ, ನನಗೇನಾಗಿದೆ’ ಅನ್ನುವ ಜಪ ನಿಲ್ಲುತ್ತದೆ.

ಇನ್ನೊಂದು ನನಗೆ ತುಂಬಾ ಇಷ್ಟ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವವರು ಶಿಕಾಗೊದಲ್ಲಿ ಚಳಿಗಾಲದಲ್ಲಿ, ಐಸ್ ಸ್ಕೇಟಿಂಗ್ ಜಾಗದಲ್ಲಿ ಜನರಿಗೆ ಬಿಸಿ ಚಾಕೊಲೇಟ್ ಕೊಟ್ಟು, ಇಟ್ಟುಕೊಳ್ಳುತ್ತೀರೋ ಇಲ್ಲಾ ಅಪರಿಚಿತರಿಗೆ ಕೊಡುತ್ತೀರೋ ಅಂತ ಕೇಳಿದರು. ಕೊಟ್ಟವರಿಗೆ ‘ತಗೊಂಡವರಿಗೆ ಎಷ್ಟು ಖುಷಿ ಆಗಿರಬಹುದು’ ಅಂತ ಊಹಿಸಲು ಹೇಳಿದರು. ಸರಾಸರಿ ನೋಡಿದರೆ ಅವರು ಕಡಿಮೆಯೇ ಊಹಿಸಿದ್ದರು. ಕೊಡುವವರ ಗಮನ ಇರುವುದು ಒಂದು ಲೋಟ ಚಾಕೊಲೇಟ್ ಮೇಲೆ. ತಗೊಳ್ಳುವವರಿಗೆ ಕಾಣುವುದು ‘ನನ್ನನ್ನೂ ಯಾರೋ ನೆನೆದರು’ ಅನ್ನುವುದು. ‘ಬರೀ ಸಾರು ತಾನೇ, ಕೊಟ್ಟರೆ ಏನಂದುಕೊಳ್ಳುತ್ತಾರೋ’ ಅಂತ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುವವರಿಗೆ ಇದನ್ನು ಓದಿ ಹೇಳಬೇಕು.

ಪಿಜಿ_ಹುಡುಗ:
ಎಲ್ಲಾ ಸರಿ, ಒಲೆ ಇಲ್ಲದವರು ಏನು ಮಾಡಬೇಕು? ನಮ್ಮ ಪಿಜಿಯಲ್ಲಿ ಇಂಡಕ್ಷನ್ ಇಟ್ಟರೆ ದಂಡ. ಇರುವುದು ಒಂದು ಕೆಟಲ್. ಅಲ್ಲಿ ಕೊಡುವ ರಸಂ ಅಂದರೆ ಹುಣಸೆಹಣ್ಣು ಈಜಾಡಿ ಹೋದ ಬಿಸಿನೀರು.

ಹುಬ್ಬಳ್ಳಿ_ಅಕ್ಕ:
@ಪಿಜಿ_ಹುಡುಗ ತಮ್ಮಾ, ಕೆಟಲ್ ಸಾಕು. ಮೆಣಸು ಜೀರಿಗೆ ಪುಡಿ ಊರಿಂದ ಮಾಡಿಸಿ ತಂದಿಟ್ಟುಕೋ. ಲೋಟದಲ್ಲಿ ಒಂದು ಚಮಚ ಪುಡಿ, ಉಪ್ಪು, ಚೂರು ಬೆಲ್ಲ, ಮೇಲೆ ಕುದಿಯುವ ನೀರು, ಐದು ನಿಮಿಷ ತಟ್ಟೆ ಮುಚ್ಚಿಡು. ಕೊನೆಗೆ ಅರ್ಧ ಲಿಂಬೆಹಣ್ಣು ಹಿಂಡು. ಎರಡು ಲೋಟ ಮಾಡು, ಒಂದು ಪಕ್ಕದ ಬೆಡ್ಡಿನವನಿಗೆ. ಕೆಟಲ್ ಒಳಗೇ ಪುಡಿ ಹಾಕಬೇಡ ಮತ್ತೆ, ಆಮೇಲೆ ತಿಂಗಳುಗಟ್ಟಲೆ ಎಲ್ಲರ ಟೀ ಜೀರಿಗೆ ಟೀ.

ಕೊಪ್ಪದ_ತೋಟ:
ನೀವೆಲ್ಲ ಬೆಂಗಳೂರಿನ ಒಂದು ವಾರದ ಮೋಡಕ್ಕೆ ಹೀಗಂದರೆ ಹೇಗೆ, ನಮ್ಮಲ್ಲಿ ಪುನರ್ವಸು ಪುಷ್ಯ ಮಳೆ ಹಿಡಿದರೆ ಅಂಗಳಕ್ಕೆ ಇಳಿಯಲು ಆಗುವುದಿಲ್ಲ, ಕರೆಂಟು ಹೋದರೆ ಮೂರು ದಿನ ಪತ್ತೆ ಇಲ್ಲ, ಅಡಿಕೆಗೆ ಕೊಳೆ ಬಂತಾ ಅಂತ ನೋಡುತ್ತಾ ಕೂರುವುದೇ ಕೆಲಸ. ಆ ಹೊತ್ತಿನ ಬೇಸರ ಬೇರೆ ತರಹದ್ದು. ಔಷಧಿ ಹೊಡೆಯಲು ಬಿಸಿಲು ಬೇಕು, ಬಿಸಿಲಿಲ್ಲ.

ಆಗ ನಮ್ಮಲ್ಲಿ ಹುರುಳಿ ಸಾರಿಲ್ಲದೆ ನಡೆಯುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಗ್ಗೆ ಒಲೆ ಮೇಲಿಟ್ಟರೆ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಬೇಯುತ್ತಿರುತ್ತದೆ. (ಪೇಟೆಯವರಿಗೆ ಕುಕ್ಕರಲ್ಲಿ ಏಳೆಂಟು ಕೂಗು.) ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳು ರುಬ್ಬಿ ಅದಕ್ಕೇ ಸೇರಿಸಿ, ಬೆಳ್ಳುಳ್ಳಿ ಒಗ್ಗರಣೆ. ಕಾಳಿನದ್ದು ಪಲ್ಯ. ತೋಟದ ಕೆಲಸಕ್ಕೆ ಬರುವವರು, ನಾವು, ಎಲ್ಲರೂ ಒಲೆ ಬುಡದಲ್ಲೇ ಕೂತು ಲೋಟದಲ್ಲಿ ಕುಡಿಯುವುದು. ಬೆನ್ನಿಗೆ ಒಲೆ, ಕೈಗೆ ಲೋಟ. ಕೊಳೆ ಬಂದರೆ ಬಂತು ಅಂತ ಅನ್ನಿಸುವಷ್ಟು ಧೈರ್ಯ ಬರುತ್ತದೆ.

ಹೆಸರು_ಬೇಡ:
ಒಂದು ಮಾತು ಹೇಳಲಾ? ಕೋಪ ಮಾಡಿಕೊಳ್ಳಬೇಡಿ. ನಾನು ಬಾಡಿಗೆಗೆ ಬಂದ ಹೊಸದರಲ್ಲಿ ಪಕ್ಕದ ಮನೆ ಅಜ್ಜಿಗೆ ಹುಷಾರಿಲ್ಲ ಅಂತ ಸೊಪ್ಪಿನ ಸಾರು ತೆಗೆದುಕೊಂಡು ಹೋಗಿದ್ದೆ. ‘ನೀವು ಯಾವ ಜನ?’ ಅಂತ ಕೇಳಿದರು. ಹೇಳಿದೆ. ‘ನಾವು ಹೊರಗಿನದು ತಿನ್ನುವುದಿಲ್ಲಮ್ಮ’ ಅಂದರು. ಬಾಗಿಲ ಹತ್ತಿರ ಸ್ವಿಗ್ಗಿ ಕವರ್ ಬಿದ್ದಿತ್ತು. ಇಲ್ಲಿ ಎಲ್ಲರೂ ‘ಕೊಟ್ಟುಬಿಡಿ, ಖುಷಿ ಪಡುತ್ತಾರೆ’ ಅನ್ನುತ್ತಿದ್ದೀರಿ. ಕೊಡುವ ಕೈ ಯಾವುದು ಅಂತ ನೋಡುವವರು ಇನ್ನೂ ಇದ್ದಾರೆ. ಆ ಸಾರನ್ನು ನಾನು ಸಿಂಕಿಗೆ ಸುರಿಯಲಿಲ್ಲ, ಸೆಕ್ಯುರಿಟಿ ಅಣ್ಣನಿಗೆ ಕೊಟ್ಟೆ, ಅವರು ಚಪಾತಿ ಜೊತೆ ತಿಂದರು. ಆದರೆ ಮನಸ್ಸು ಹಗುರ ಆಗಲಿಲ್ಲ.

ಸಾಗರದ_ಸೊಸೆ:
ಓದಿ ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ. ನನಗೆ ಆ ಭಯ ಒಂದು ಸಲವೂ ಬಂದಿಲ್ಲ, ಬರಬೇಕಾದ ಸಂದರ್ಭವೇ ನನಗೆ ಬಂದಿಲ್ಲ ಅನ್ನುವುದು ಈಗ ಹೊಳೆಯುತ್ತಿದೆ. ನೀವು ಎಲ್ಲಿದ್ದೀರಿ? ಬೆಂಗಳೂರಲ್ಲಾದರೆ ಆ ಸೊಪ್ಪಿನ ಸಾರು ತಿನ್ನಲು ನಾನು ಬರುತ್ತೇನೆ, ನಿಜವಾಗಿ.

ಮಂಡ್ಯ_ಮುದ್ದೆ:
ನಾನೂ ಬರುತ್ತೇನೆ, ಮುದ್ದೆ ನಂದು.

ಬೇಡಪ್ಪ_ಸಾಕು:
@ಹೆಸರು_ಬೇಡ ನೀವು ಬರೆದಿದ್ದು ಒಳ್ಳೆಯದಾಯಿತು. 12ನೇ ಶತಮಾನದಲ್ಲೇ ಬಸವಣ್ಣ ದಾಸೋಹ ಅಂದ ನಾಡಿದು. ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಾರೆ ಅಂತ ಹೆಮ್ಮೆಯಿಂದ ಹೇಳುತ್ತೇವೆ, ಅಪಾರ್ಟ್‌ಮೆಂಟ್‌ನ ಬಾಗಿಲಲ್ಲಿ ಮಾತ್ರ ‘ಯಾವ ಜನ’. ಸೊಪ್ಪು ಯಾವುದು? ದಂಟಾ, ಕೀರೆಯಾ?

ಹೆಸರು_ಬೇಡ:
ಬೆರಕೆ ಸೊಪ್ಪು. ಬಸ್ಸಾರು ಮಾಡಿದ್ದೆ. ಆಯ್ತು, ಒಂದು ಭಾನುವಾರ ಎಲ್ಲರೂ ಬನ್ನಿ :) ಯಶವಂತಪುರದ ಕಡೆ.

ಚಳಿನಾಡಿನ_ಕನ್ನಡಿಗ:
ನಾನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೇನೆ. ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಮೊದಲನೇ ಚಳಿಗಾಲದಲ್ಲಿ ನನಗೆ ಬಂದ ಬೇಸರ ಯಾವ ಸಾರಿಗೂ ಹೋಗಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಡಾಕ್ಟರ್ ಹತ್ತಿರ ಹೋದೆ, ಬೆಳಗ್ಗೆ ಜೋರಾದ ಬೆಳಕಿನ ದೀಪದ ಮುಂದೆ ಕೂರಲು ಹೇಳಿದರು, ಮಧ್ಯಾಹ್ನ ಹೊರಗೆ ನಡೆಯಲು ಹೇಳಿದರು. ಅದು ಕೆಲಸ ಮಾಡಿತು.

ಆದರೆ ಮೇಲಿನ ಮನೆಯ ಟರ್ಕಿ ದೇಶದ ಅಮ್ಮ ಒಂದು ದಿನ ಬಾಗಿಲು ತಟ್ಟಿ ಮಸೂರ್ ಬೇಳೆ ಸೂಪ್ ಕೊಟ್ಟರು. ಅವರು ಅದಕ್ಕೆ ಮೆರ್ಜಿಮೆಕ್ ಅನ್ನುತ್ತಾರೆ, ಮೇಲೆ ಬೆಣ್ಣೆಯಲ್ಲಿ ಕಾಯಿಸಿದ ಕೆಂಪು ಮೆಣಸಿನಪುಡಿ, ಪಕ್ಕಕ್ಕೆ ಲಿಂಬೆಹಣ್ಣಿನ ಹೋಳು. ನನಗೆ ಟರ್ಕಿಶ್ ಬರುವುದಿಲ್ಲ, ಇಬ್ಬರದ್ದೂ ಜರ್ಮನ್ ಅಷ್ಟಕ್ಕಷ್ಟೇ. ಪಾತ್ರೆ ಖಾಲಿ ಕೊಡಬಾರದು ಅಂತ ನಮ್ಮಜ್ಜಿ ಕಲಿಸಿದ್ದು ನೆನಪಾಗಿ ಬೇಳೆ ಸಾರು ತುಂಬಿ ಕೊಟ್ಟೆ. ಅವರೂ ಖಾಲಿ ವಾಪಸ್ ಕೊಡಲಿಲ್ಲ. ಅಲ್ಲಿಂದ ಆ ಪಾತ್ರೆ ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಇದೆ, ಮೂಲದಲ್ಲಿ ಅದು ಯಾರದ್ದು ಅಂತ ನಮ್ಮಿಬ್ಬರಿಗೂ ಈಗ ಖಾತ್ರಿ ಇಲ್ಲ.

ಅರೆ_ಓದುಗ:
@ಚಳಿನಾಡಿನ_ಕನ್ನಡಿಗ ನೀವು ಅಜ್ಜಿ ನೆನಪು ಅಂದಿರಲ್ಲ, 2011ರಲ್ಲಿ ಜೋರ್ಡನ್ ಟ್ರೊಯಿಸಿ, ಶಿರಾ ಗೇಬ್ರಿಯಲ್ ಅನ್ನುವವರು ಕೋಳಿ ಸೂಪ್ ಇಟ್ಟುಕೊಂಡೇ ಒಂದು ಸಂಶೋಧನೆ ಪ್ರಕಟಿಸಿದ್ದರು. ಆ ಸೂಪನ್ನು ಮನಸ್ಸಿಗೆ ಹತ್ತಿರದ ಊಟ ಅಂದುಕೊಂಡವರಿಗೆ, ಕುಡಿದ ಮೇಲೆ ತಮ್ಮವರಿಗೆ ಸಂಬಂಧಪಟ್ಟ ಪದಗಳು ಸುಲಭವಾಗಿ ತಲೆಗೆ ಬರುತ್ತಿದ್ದವಂತೆ. ಸೂಪ್ ಜೊತೆ ನೆನಪೇ ಇಲ್ಲದವರಿಗೆ ಹಾಗೆ ಆಗಲಿಲ್ಲ. ಅಂದರೆ ನಮಗೆ ಹಿತ ಕೊಡುವುದು ಸೂಪ್ ಒಂದೇ ಅಲ್ಲ, ಅದನ್ನು ಹಿಂದೆ ನಮಗೆ ಬಡಿಸಿದವರು.

ಕುಡ್ಲದ_ಗಂಜಿ:
ಅದಕ್ಕೇ ನನಗೆ ನಿಮ್ಮ ಯಾವ ಸಾರೂ ಬೇಡ. ಜ್ವರ ಬಂದಾಗ ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ಚಮಚ ತುಪ್ಪ, ಮಿಡಿ ಉಪ್ಪಿನಕಾಯಿ. ಬೇರೆಯವರಿಗೂ ಅದನ್ನೇ ಕೊಡುವುದು. ಘಟ್ಟದ ಮೇಲಿನವರು ಮೂಗು ಮುರಿಯುತ್ತಾರೆ, ಆಮೇಲೆ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ನೈಟ್_ಶಿಫ್ಟ್_ಸಿಸ್ಟರ್:
ನಾನು ನಿವೃತ್ತ ನರ್ಸ್. ಚರ್ಚೆ ಚೆನ್ನಾಗಿದೆ, ಎರಡು ಮಾತು ಮಾತ್ರ ಸೇರಿಸುತ್ತೇನೆ.

ಎರಡು ವಾರ ಮೀರಿ ಬೇಸರ ಹೋಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡ ಅನ್ನಿಸುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ಆ ಕ್ಷಣವೇ, ಸಹಾಯ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಾರು ಮಾಡಿಕೊಳ್ಳುತ್ತಲೇ ಫೋನ್ ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ಎರಡನೆಯದು ಕಾಯಿಲೆಯವರಿಗೆ ಕೊಡುವವರಿಗೆ. ಮೊದಲು ಕೇಳಿ. ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನರಿಗೆ ದಿನಕ್ಕೆ ಎಷ್ಟು ನೀರು ಅಂತ ಅಳತೆ ಇರುತ್ತದೆ, ಸಾರು, ಗಂಜಿ, ಮಜ್ಜಿಗೆ ಎಲ್ಲವೂ ಆ ಲೆಕ್ಕಕ್ಕೇ ಬರುತ್ತವೆ. ಪ್ರೀತಿಯಿಂದ ಇಷ್ಟು ದೊಡ್ಡ ಫ್ಲಾಸ್ಕ್ ತುಂಬಿ ತಂದು ‘ಎಲ್ಲಾ ಕುಡೀಬೇಕು’ ಅಂತ ಕೂತವರನ್ನು ವಾರ್ಡಿನಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಉಪ್ಪು ಕಡಿಮೆ. ಆಪರೇಷನ್ ಆದವರಿಗೆ ಡಾಕ್ಟರ್ ಹೇಳುವವರೆಗೆ ಏನೂ ಬೇಡ. ಹಾಗೇ ರೋಗಿಗೆ ಮಾತ್ರ ತರಬೇಡಿ. ಪಕ್ಕದಲ್ಲಿ ಸ್ಟೂಲ್ ಮೇಲೆ ರಾತ್ರಿಯೆಲ್ಲ ಕೂತಿರುತ್ತಾರಲ್ಲ, ಮಗಳೋ ಸೊಸೆಯೋ ಗಂಡನೋ, ಅವರ ಊಟ ಯಾರೂ ವಿಚಾರಿಸುವುದಿಲ್ಲ.

ಬೇಡಪ್ಪ_ಸಾಕು:
ಸಿಸ್ಟರ್, ಕೊನೆ ಸಾಲಿಗೆ ಕೈ ಮುಗಿದೆ. ಅಮ್ಮನ ಮಂಡಿ ಆಪರೇಷನ್ ಹೊತ್ತಿನಲ್ಲಿ ಆ ಸ್ಟೂಲ್ ಮೇಲೆ ಇದ್ದವನು ನಾನು.

ಪಿಜಿ_ಹುಡುಗ:
ಅಕ್ಕ ಹೇಳಿದ ಹಾಗೆ ಲೋಟದಲ್ಲಿ ಮಾಡಿದೆ. ಪುಡಿ ಇರಲಿಲ್ಲ, ಅಂಗಡಿಯಿಂದ ಮೆಣಸು ಜೀರಿಗೆ ತಂದು ಚಪಾತಿ ಲಟ್ಟಣಿಗೆ ಇಲ್ಲದೆ ನೀರಿನ ಬಾಟಲಿಯ ಬುಡದಲ್ಲಿ ಕುಟ್ಟಿದೆ. ರೂಮ್‌ಮೇಟ್ ಬಿಹಾರದವನು, ಕುಡಿದು ಕಣ್ಣಲ್ಲಿ ನೀರು ಹಾಕಿಕೊಂಡ, ಖಾರಕ್ಕೆ. ಸ್ವಲ್ಪ ಹೊತ್ತು ಬಿಟ್ಟು ‘ಔರ್ ಹೈ ಕ್ಯಾ?’ ಅಂದ. ಊರಲ್ಲಿ ಅವರಮ್ಮ ಏನೇನು ಮಾಡುತ್ತಾರೆ ಅಂತ ರಾತ್ರಿ ಒಂದು ಗಂಟೆವರೆಗೆ ಹೇಳಿದ. ಇಷ್ಟು ದಿನ ಅವನ ಪೂರ್ತಿ ಹೆಸರೂ ನನಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿ_ಅಕ್ಕ:
ಶಾಬಾಸ್! ಸಾಗರದ ಸೊಸೆ, ನಿಮ್ಮ ಮೆಣಸಿನ ಸಾರಿನ ಅಳತೆ ಹಾಕಿರಲ್ಲ, ಇವನಿಗೆ ಊರಿಗೆ ಹೋದಾಗ ಮಾಡಲು ಬೇಕು.

ಸಾಗರದ_ಸೊಸೆ:
ನಾಲ್ಕು ಜನಕ್ಕೆ: ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಎರಡನ್ನೂ ಅರ್ಧ ಚಮಚ ತುಪ್ಪದಲ್ಲಿ ಹುರಿದು ತರಿತರಿಯಾಗಿ ಕುಟ್ಟಿ. ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣಿನ ರಸಕ್ಕೆ ಉಪ್ಪು, ಅರಿಶಿನ, ಬೆಲ್ಲ, ಕರಿಬೇವು ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ತೊಗರಿಬೇಳೆ ಬೇಯಿಸಿದ ತಿಳಿಕಟ್ಟು ಎರಡು ಲೋಟ, ನೀರು ಎರಡು ಲೋಟ. ಪುಡಿ ಹಾಕಿದ ಮೇಲೆ ಜಾಸ್ತಿ ಕುದಿಸಬೇಡಿ, ನೊರೆ ಎದ್ದ ಕೂಡಲೇ ಇಳಿಸಿ, ಇಲ್ಲಾಂದರೆ ಘಮ ಹೋಗಿ ಕಹಿ ಆಗುತ್ತದೆ. ತುಪ್ಪದಲ್ಲಿ ಸಾಸಿವೆ, ಇಂಗು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಇಂಗು ಬೆಳ್ಳುಳ್ಳಿ ಎರಡೂ ಯಾಕೆ ಅಂತ ಜಗಳ ತೆಗೆಯುವವರು ಬೇರೆ ಚರ್ಚೆ ಶುರು ಮಾಡಿ.

ಮತ್ತೆ, ಆಂಟಿ ಡಬ್ಬಿ ವಾಪಸ್ ಕೊಟ್ಟರು. ಒಳಗೆ ಕೊಡುಬಳೆ. ಅವರ ಕೈಗೆ ಆಗುವುದಿಲ್ಲ ಅಂತ ಅಂಕಲ್ ಸುತ್ತಿದ್ದಂತೆ, ಒಂದೊಂದು ಒಂದೊಂದು ಆಕಾರ.

ಮಂಡ್ಯ_ಮುದ್ದೆ:
ಹಾಗಾದರೆ ಯಶವಂತಪುರಕ್ಕೆ ಆ ಅಂಕಲ್ಲನ್ನೂ ಕರೆದುಕೊಂಡು ಬನ್ನಿ. @ಹೆಸರು_ಬೇಡ ಯಾವ ಭಾನುವಾರ ಅಂತ ಬೇಗ ಹೇಳಿ, ರಾಗಿ ಹಿಟ್ಟು ಊರಿಂದ ತರಿಸಬೇಕು.

ಹೆಸರು_ಬೇಡ:
ಬರುವ ಭಾನುವಾರ ಬೇಡ, ನೀರು ಬರುವ ದಿನ ಅಲ್ಲ. ಅದರ ಮುಂದಿನದು. ಎಷ್ಟು ಜನ ಅಂತ ಶುಕ್ರವಾರದೊಳಗೆ ಹೇಳಿಬಿಡಿ, ಸೊಪ್ಪು ಬಿಡಿಸುವುದು ಸುಲಭದ ಕೆಲಸ ಅಲ್ಲ. ಬೇಡಪ್ಪ ಅವರೇ, ನೀವು ಬೇಗ ಬನ್ನಿ, ಒಲೆ ಮುಂದೆ ನಿಲ್ಲುವ ಸರದಿ ನಿಮ್ಮದು.

ಬೇಡಪ್ಪ_ಸಾಕು:
ಒಪ್ಪಿದೆ. ಬಸ್ಸಾರಿಗೆ ಕಾಳು ಯಾವುದು ಹಾಕುತ್ತೀರಿ? ಹಲಸಂದೆ ಅಂದರೆ ನಾನೇ ತರುತ್ತೇನೆ.